ನೆತ್ತಿಗೆ ಹೊಲಿಗೆ ಹಾಕಿದ ನೋಟ್‌ಬುಕ್

ನಮ್ಮ ಅತ್ತಿಗೆ ಯಾರ ಮನೆಗೆ ಹೋದರೂ ಮೊದಲು ಅಲ್ಲಿರುವ ಪುಸ್ತಕಗಳ ಬೆನ್ನು ಸವರುತ್ತಾಳೆ. ಮನೆಯವರು ಕ್ಷೇಮ ಸಮಾಚಾರ ಕೇಳುತ್ತಿರುತ್ತಾರೆ, ಇವಳು ಕಪಾಟಿನಿಂದ ಒಂದನ್ನು ಎಳೆದು, ನಡುವೆ ಬಿಡಿಸಿ, ಹೊಲಿಗೆಯನ್ನು ಉಗುರಿನಿಂದ ಮೀಟಿ, "ಇದನ್ನ ಯಾರು ಕಟ್ಟಿದ್ದು? ಕಣ್ಣು ಮುಚ್ಕೊಂಡು ಕಟ್ಟಿದಾರೆ" ಎಂದುಬಿಡುತ್ತಾಳೆ. ಒಮ್ಮೆ ಆ ಪುಸ್ತಕ ಬರೆದ ಮನುಷ್ಯನೇ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ. ನಾನು ಅವಳ ಸೆರಗು ಜಗ್ಗಿದೆ. ಅವಳು ಕ್ಯಾರೇ ಅನ್ನಲಿಲ್ಲ. "ನಿಮ್ಮನ್ನಲ್ಲ ಸ್ವಾಮಿ ನಾನು ಅಂದಿದ್ದು. ನೀವು ಬರೆದಿರೋದು ಚೆನ್ನಾಗೇ ಇರಬಹುದು, ಓದೋಕೆ ಮುಂಚೆ ಹಾಳೆ ಉದುರಿ ಹೋದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದಳು. ಇಂಥವಳ ಜೊತೆ ಒಂದೇ ಸೂರಿನಡಿ ಹನ್ನೊಂದು ವರ್ಷ ಬಾಳಿದ್ದೇನೆ. ನನ್ನ ತಾಳ್ಮೆಗೆ ಯಾರೂ ಹಾರ ಹಾಕಿಲ್ಲ.

ನಾನು ಅವಳ ಗಂಡನ ತಂಗಿ. ಅವಳು ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ಮನೆಗೆ ಬಂದ ಮೊದಲನೇ ದಿನವೇ, "ನೋಡೇ, ನೀವು ಗೀವು ಅಂತ ಕರೆದ್ರೆ ನಾನು ತಿರುಗಿ ನೋಡೋಳಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಅವಳು ಯಾವ ಮಾತನ್ನೂ ಸುತ್ತಿ ಬಳಸಿ ಹೇಳಿದ್ದು ನಾನು ಕಂಡಿಲ್ಲ.

ಅವಳ ಕೆಲಸ ಪುಸ್ತಕ ಕಟ್ಟುವುದು. ಅಚ್ಚುಕೂಟದ ಹಿಂದೆ ಒಂದು ಉದ್ದನೆಯ ಕೋಣೆ ಇದೆ. ಮೂರು ಕಿಟಕಿ, ಒಂದರ ಬಾಗಿಲೂ ಸರಿಯಾಗಿ ಕೂರುವುದಿಲ್ಲ. ಒಳಗೆ ಕಾಲಿಟ್ಟರೆ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲಿ ಐದು ಹೆಂಗಸರು ಉದ್ದನೆಯ ಮೇಜಿನ ಎರಡೂ ಬದಿ ನಿಂತು, ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ, ಸಾಲಾಗಿ ಜೋಡಿಸಿ, ದಬ್ಬಳದಿಂದ ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಹೊಲಿದು, ರಟ್ಟು ಅಂಟಿಸುತ್ತಾರೆ. ಅತ್ತಿಗೆ ಮದುವೆಗೆ ಮುಂಚಿನಿಂದಲೂ ಅಲ್ಲೇ ಇದ್ದಾಳೆ, ಹದಿನೆಂಟು ವರ್ಷವಾಯಿತು. ಮಡಿಕೆ ಒತ್ತಿ ಒತ್ತಿ ಅವಳ ಬಲ ಹೆಬ್ಬೆರಳಿನ ಉಗುರು ಒಂದು ಮಗ್ಗುಲಿಗೆ ಸವೆದು ಹೋಗಿದೆ. "ಹದಿನೆಂಟು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ಪುಟ ತಲೆಕೆಳಗಾಗಿ ಹೋಗಿಲ್ಲ" ಎಂದು ದಿನಕ್ಕೊಂದು ಸಲವಾದರೂ ಹೇಳುತ್ತಾಳೆ. ನನ್ನ ಅಣ್ಣ ಬಸ್ ಡ್ರೈವರ್. ಅವನೂ ಒಮ್ಮೆ ಹಾಗೆಯೇ, "ಹದಿನಾಲ್ಕು ವರ್ಷದಲ್ಲಿ ನನ್ನ ಬಸ್ಸೂ ತಲೆಕೆಳಗಾಗಿಲ್ಲ, ನಾನೇನು ಡಂಗುರ ಹೊಡೀತೀನಾ?" ಎಂದು ಕೇಳಿ ಎರಡು ದಿನ ಮಾತಿಲ್ಲದ ಊಟ ಉಂಡ.

ಇವರ ಮಗಳು ಇರುವೆ. ಶಾಲೆಯ ರಿಜಿಸ್ಟರಿನಲ್ಲಿ ಅವಳಿಗೆ ಚಂದದ ಹೆಸರೊಂದಿದೆ, ಆದರೆ ಸಕ್ಕರೆ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟರೂ ಪತ್ತೆ ಹಚ್ಚುತ್ತಿದ್ದುದರಿಂದ ಎರಡು ವರ್ಷದವಳಿದ್ದಾಗಲೇ ಇರುವೆಯಾದಳು. ಈಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಎಡಚಿ. ನಾನು ಅದೇ ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್. ಹಾಗಾಗಿ ಅವಳ ಬಗ್ಗೆ ಬರುವ ದೂರುಗಳೆಲ್ಲ ಮೊದಲು ನನ್ನ ಮೇಜನ್ನು ದಾಟಿಕೊಂಡೇ ಹೋಗಬೇಕು.

ದೂರು ಯಾವಾಗಲೂ ಒಂದೇ: ಬರವಣಿಗೆ ಕೊಳಕು. ಅದು ಸುಳ್ಳೇನೂ ಅಲ್ಲ. ನೋಟ್‌ಬುಕ್ ತೆರೆದರೆ ಮಸಿ ಕಲಸಿಹೋದ ಸಾಲುಗಳು, ಕಲಸಿದ್ದನ್ನು ತಿದ್ದಲು ಹೋಗಿ ತೂತಾದ ಕಾಗದ. ಕ್ಲಾಸ್ ಟೀಚರ್ ಕೆಂಪು ಪೆನ್ನಿನಲ್ಲಿ ಪ್ರತಿ ಪುಟಕ್ಕೂ 'ಅಂದವಾಗಿ ಬರೆ' ಎಂದು ಬರೆದೂ ಬರೆದೂ ಸುಸ್ತಾಗಿ, ಆಮೇಲಾಮೇಲೆ ಬರಿ ಒಂದು ಸೊನ್ನೆ ಸುತ್ತತೊಡಗಿದರು. ಇರುವೆ ಬೆಳಿಗ್ಗೆ ಹೊಟ್ಟೆನೋವು ಎನ್ನಲು ಶುರುಮಾಡಿದಳು. ಸೋಮವಾರ ಹೊಟ್ಟೆ, ಮಂಗಳವಾರ ತಲೆ, ಬುಧವಾರ ಕಾಲು. ನಾನು ಅವಳನ್ನು ಚಕ್ಕಂಬಕ್ಕಳ ಕೂರಿಸಿಕೊಂಡು ಬುದ್ಧಿ ಹೇಳಿದೆ. ನಿಧಾನವಾಗಿ ಬರಿ, ಕೈ ಎತ್ತಿ ಬರಿ, ಬೇಕಾದರೆ ಬಲಗೈಯಲ್ಲಿ ಒಂದು ಸಲ ಪ್ರಯತ್ನ ಮಾಡು ಅಂದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ಅತ್ತಿಗೆ ಬುದ್ಧಿ ಹೇಳಲಿಲ್ಲ. ಒಂದು ದಿನ ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟು ಮಗಳ ಪಕ್ಕ ನೆಲದ ಮೇಲೆ ಕೂತು, "ಬರಿ, ನಾನು ನೋಡ್ತೀನಿ" ಎಂದಳು. ಅಕ್ಷರದ ಕಡೆ ಅವಳ ಕಣ್ಣೇ ಹೋಗಲಿಲ್ಲ. ಕೈಯನ್ನೂ ಪುಸ್ತಕವನ್ನೂ ನೋಡಿದಳು. ಬಲಬದಿಯ ಪುಟದಲ್ಲಿ ಸಾಲು ಶುರುಮಾಡುವಾಗ ಹುಡುಗಿಯ ಎಡಗೈ ಹೋಗಿ ನಡುವಿನ ಉಬ್ಬಿದ ಹೊಲಿಗೆಯ ಮೇಲೆ ಕೂರುತ್ತಿತ್ತು. ಅಲ್ಲಿ ನೆಲೆ ಸಿಗದೆ ಮಣಿಕಟ್ಟು ಮೇಲಕ್ಕೆ ಸೊಟ್ಟಗೆ ಬಾಗುತ್ತಿತ್ತು, ಬಾಗಿದ ಕೈ ಆಗಷ್ಟೇ ಬರೆದ ಹಸಿ ಅಕ್ಷರಗಳ ಮೇಲೆ ಉಜ್ಜಿಕೊಂಡು ಹೋಗುತ್ತಿತ್ತು.

"ಅಯ್ಯೋ, ಇಷ್ಟೇನಾ!" ಎಂದಳು ಅತ್ತಿಗೆ. "ತಪ್ಪು ಇವಳ ಕೈಯಲ್ಲಿಲ್ಲ ಕಣೇ, ಹೊಲಿಗೇಲಿದೆ. ಪಕ್ಕಕ್ಕೆ ಹೊಲಿದಿರೋದಕ್ಕೆ ಮಗು ಒದ್ದಾಡ್ತಿದೆ. ನೆತ್ತಿಗೆ ಹೊಲಿಗೆ ಹಾಕಿದ್ರೆ ಮುಗೀತು."

"ಯಾರ ನೆತ್ತಿಗೆ?" ಎಂದ ಅಣ್ಣ ಗಾಬರಿಯಿಂದ.

ಮುಂದಿನ ಭಾನುವಾರ ಮಧ್ಯಾಹ್ನ ನಮ್ಮ ನಡುಮನೆ ಅಚ್ಚುಕೂಟದ ಹಿಂದಿನ ಕೋಣೆಯಾಯಿತು. ಕತ್ತರಿಸಿ ಉಳಿದ ಕಾಗದವನ್ನು ಮಾಲೀಕರನ್ನು ಕೇಳಿಯೇ ತಂದಿದ್ದಳು. ನಯವಾದದ್ದಲ್ಲ, ಸ್ವಲ್ಪ ತರಿತರಿಯಾದ ಕಾಗದ. ಮಸಿಯನ್ನು ತಕ್ಷಣ ಹೀರಿಕೊಳ್ಳುತ್ತದೆ, ಕೈ ತಾಗಿದರೂ ಕಲಸುವುದಿಲ್ಲ ಎಂದಳು. ಗೆರೆ ಹೊಡೆದ ಸಿದ್ಧ ಕಾಗದ ಇವಳಿಗೆ ಪ್ರಯೋಜನವಿರಲಿಲ್ಲ, ಮೇಲೆ ಹೊಲಿಯುವ ಪುಸ್ತಕಕ್ಕೆ ಗೆರೆ ಇನ್ನೊಂದು ದಿಕ್ಕಿನಲ್ಲಿ ಓಡಬೇಕು. ಅದಕ್ಕಾಗಿ ಒಂದು ಮರದ ಪಟ್ಟಿಗೆ ಅಳತೆ ಮಾಡಿ ನಾಲ್ಕು ತೂತು ಕೊರೆದು, ನಾಲ್ಕು ನೀಲಿ ರೀಫಿಲ್ ಸಿಕ್ಕಿಸಿ, ಬಾಚಣಿಗೆಯಂಥದ್ದೊಂದು ಸಾಧನ ಮಾಡಿಕೊಂಡಳು. ಅದನ್ನು ಒಂದು ಸಲ ಎಳೆದರೆ ನಾಲ್ಕು ಗೆರೆ. ಮೂರನೆಯ ರೀಫಿಲ್ ಸ್ವಲ್ಪ ಸಡಿಲವಿತ್ತು, ಆ ಗೆರೆ ಎಲ್ಲ ಪುಟದಲ್ಲೂ ಚೂರು ನಡುಗುತ್ತದೆ. ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆಯ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು.

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ರಟ್ಟಿನಲ್ಲಿ ಸ್ಕೇಲು ಮಾಡಿದಳು, ಅದರಲ್ಲಿ ಅಂಕಿ ಬಲದಿಂದ ಎಡಕ್ಕೆ. ಎಡಗೈಯಲ್ಲಿ ಗೆರೆ ಎಳೆಯುವವರಿಗೆ ಅದೇ ಸಲೀಸಂತೆ. ಪೆನ್ಸಿಲ್ ಡಬ್ಬಿ ಮಾಡಿದಳು, ಮುಚ್ಚಳ ಎಡಗೈಗೆ ಒದಗುವ ಹಾಗೆ. ಕೊನೆಗೆ ಒಂದು ಹಳೇ ರಬ್ಬರನ್ನು ಬ್ಲೇಡಿನಿಂದ ಕೆತ್ತಿ ಇರುವೆಯ ಮುದ್ರೆ ಮಾಡಿದಳು. ಆರು ಕಾಲು, ಎರಡು ಮೀಸೆ, ದಪ್ಪ ಹೊಟ್ಟೆ. ಪ್ರತಿ ಪುಟದ ತಲೆಯಲ್ಲೂ ಒಂದೊಂದು ಇರುವೆ ಒತ್ತಿದಳು. ಒಂದು ಒತ್ತು, ಹಾಳೆ ಮಗುಚು, ಇನ್ನೊಂದು ಒತ್ತು. ಅವಳ ಕೈ ಎಷ್ಟು ಚುರುಕೆಂದರೆ ನಾವು ನೋಡುತ್ತಾ ಕೂತೆವು. ಮುಖಪುಟದ ಚೀಟಿಯಲ್ಲಿ ಮಗಳಿಂದಲೇ ಬರೆಸಿದಳು: 'ಇರುವೆಯ ಪುಸ್ತಕ. ಮುಟ್ಟಿದರೆ ಕಚ್ಚುತ್ತದೆ.'

ಇರುವೆ ಆ ನೋಟ್‌ಬುಕ್ಕನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು. ವಾರದೊಳಗೆ ಹೊಟ್ಟೆ, ತಲೆ, ಕಾಲು ಎಲ್ಲ ವಾಸಿಯಾದವು. ಹೊಲಿಗೆ ಮೇಲಕ್ಕೆ ಹೋದ ಮೇಲೆ ಕೈಗೆ ಪುಟವಿಡೀ ಬಯಲಾಯಿತು; ಮಣಿಕಟ್ಟು ಸಾಲಿನ ಕೆಳಗೇ ನಿಲ್ಲುವುದನ್ನು ತಾನಾಗಿ ಕಲಿಯಿತು. ಅಕ್ಷರ ಗುಂಡಗಾಯಿತು. ಕೇಳದಿದ್ದರೂ ಬರೆಯತೊಡಗಿದಳು. ಬೀದಿಯಲ್ಲಿ ಕಂಡ ನಾಯಿಗಳ ಪಟ್ಟಿ, ಅಪ್ಪನ ಬಸ್ಸಿನ ನಿಲ್ದಾಣಗಳು, ನನ್ನ ಗೊರಕೆಯ ಬಗ್ಗೆ ಒಂದು ಇಡೀ ಪುಟ. ಬರೆದದ್ದನ್ನು ತಾನೇ ಓದಿ ಹೇಳುತ್ತಿದ್ದಳು, ಪುಸ್ತಕ ಮಗುಚಿ ನೋಡಲು ನಮ್ಮನ್ನು ಬಿಡುತ್ತಿರಲಿಲ್ಲ. ನನಗೆ ಹೊಟ್ಟೆ ತುಂಬ ಖುಷಿಯಾಯಿತು, ಗೊರಕೆಯ ಪುಟ ಬಿಟ್ಟು.

ಮೂರು ವಾರ ಕಳೆದಿರಬೇಕು, ದೊಡ್ಡ ಮೇಡಂ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ನನ್ನನ್ನು ಕರೆದು ಒಂದು ಸುತ್ತೋಲೆ ಬರೆಸಿದರು. ಎಲ್ಲ ಮಕ್ಕಳೂ ಶಾಲೆಯ ಗುರುತಿರುವ, ಒಂದೇ ಅಳತೆಯ ನೋಟ್‌ಬುಕ್ಕುಗಳನ್ನೇ ತರತಕ್ಕದ್ದು. ಮನೆಯಲ್ಲಿ ತಯಾರಿಸಿದ ಯಾವುದೇ ಸಾಮಗ್ರಿಗೆ ಅವಕಾಶವಿರುವುದಿಲ್ಲ. ಕಾರಣವನ್ನೂ ಬಾಯಲ್ಲಿ ಹೇಳಿದರು: ಬೇರೆ ಬೇರೆ ಆಕಾರದ ಪುಸ್ತಕ ಇದ್ದರೆ ಬೀರುವಿನಲ್ಲಿ ಅಟ್ಟಿ ಕಟ್ಟಿದಾಗ ಜಾರಿ ಬೀಳುತ್ತವೆ. ನಾನು ಕಾಗುಣಿತ ಸರಿಯಿದೆಯೇ ಎಂದು ಮೂರು ಸಲ ಓದಿದೆ. ಆ ಮಾತು ನಮ್ಮ ಮನೆಯ ಬಾಗಿಲಿಗೇ ಬರುತ್ತದೆ ಎಂದು ಹೊಳೆದದ್ದು ಪ್ರತಿಗಳನ್ನು ಹಂಚಿಯಾದ ಮೇಲೆ.

ಅತ್ತಿಗೆ ಸುತ್ತೋಲೆ ಓದಿ ನನ್ನ ಮುಖ ನೋಡಿದಳು. "ನೀನೇ ಟೈಪ್ ಮಾಡಿದ್ದಾ?"

"ನನ್ನ ಕೆಲಸ ಅದು ಅತ್ತಿಗೆ. ಅವರು ಹೇಳಿದ್ದನ್ನ ಟೈಪ್ ಮಾಡ್ತೀನಿ. ಬೇರೆ ಬೇರೆ ಆಕಾರ ಇದ್ರೆ ಬೀರೂಲಿ ಪುಸ್ತಕ ಜಾರಿ ಬೀಳುತ್ತಂತೆ."

"ಪುಸ್ತಕ ಜಾರುತ್ತೆ ಅಂತ ಮಗೂನ ಜಾರಿಸ್ತಾರಂತಾ?"

"ಒಂದು ಮಾತು ಹೋಗಿ ಹೇಳಿದ್ರೆ ಆಯ್ತಪ್ಪ. ಇಲ್ಲಾಂದ್ರೆ ಅವರ ಪುಸ್ತಕಾನೇ ತಗೊಂಡ್ರೆ ಆಯ್ತು. ನಂಗೂ ಅಲ್ಲಿ ಮುಖ ತೋರಿಸ್ಬೇಕಲ್ಲ."

"ನಿನ್ನ ಮುಖ ನೀನು ತೋರಿಸ್ಕೋ. ನನ್ನ ಮಗಳು ಈ ಪುಸ್ತಕದಲ್ಲೇ ಬರೀತಾಳೆ" ಎಂದು ಪಟ್ಟು ಹಿಡಿದಳು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಇರುವೆಯ ಚೀಲದಲ್ಲಿ ಅದೇ ನೋಟ್‌ಬುಕ್ ಹೋಯಿತು. ಆಫೀಸಿನಲ್ಲಿ ಯಾರಾದರೂ ನನ್ನ ಕಡೆ ನೋಡಿದರೆ ಸಾಕು, ನಾನು ಕಾರ್ಬನ್ ಕಾಗದ ಹುಡುಕುವವಳಂತೆ ಮೇಜಿನ ಕೆಳಗೆ ಬಗ್ಗುತ್ತಿದ್ದೆ. ಹೌದು, ನಾನು ಹೇಡಿಯೇ, ಅದನ್ನು ಮುಚ್ಚಿಡುವುದಿಲ್ಲ.

ಒಂಬತ್ತನೇ ದಿನ ಕ್ಲಾಸ್ ಟೀಚರ್, ಅದುವರೆಗೆ ತೆರೆದೂ ನೋಡದಿದ್ದ ಆ ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ದೊಡ್ಡ ಮೇಡಂ ಕೋಣೆಗೆ ಬಂದರು. ನಾನು ಅಲ್ಲೇ ರುಜು ಹಾಕಿಸಿಕೊಳ್ಳಲು ನಿಂತಿದ್ದೆ. ಟೀಚರ್ ಪುಟಗಳನ್ನು ಒಂದೊಂದಾಗಿ ಮೇಲಕ್ಕೆ ಮಗುಚಿ ತೋರಿಸಿದರು. ಒಂದು ಪುಟ ಸರಿಯಾಗಿದೆ. ಅದರ ಹಿಂಬದಿ ತಲೆಕೆಳಗು. ಮತ್ತೊಂದು ಸರಿ. ಅದರ ಹಿಂಬದಿ ಮತ್ತೆ ತಲೆಕೆಳಗು. ಕೊನೆಯವರೆಗೂ ಹೀಗೆಯೇ.

"ಮಗುವಿಗೆ ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗ್ತಿಲ್ಲ ಮೇಡಂ. ನಾನು ಮೊದಲಿಂದಲೂ ಹೇಳ್ತಿದ್ದೆ, ಇವಳಿಗೆ ನಾಲ್ಕನೇ ಕ್ಲಾಸು ಹೆಚ್ಚಾಯ್ತು."

ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತೀರ್ಮಾನಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಬರುವ ವಾರದಿಂದ ಹುಡುಗಿಯನ್ನು ಮೂರನೇ ಕ್ಲಾಸಿನಲ್ಲಿ ಕೂರಿಸುವುದು. ನಾಳೆ ಹನ್ನೊಂದು ಗಂಟೆಗೆ ತಾಯಿ ಬರಲಿ, ಪತ್ರ ಅಷ್ಟರಲ್ಲಿ ಸಿದ್ಧವಿರಲಿ. ಪತ್ರ ಟೈಪ್ ಮಾಡಬೇಕಾದವಳು ನಾನು. ನೋಟ್‌ಬುಕ್ಕನ್ನು ಮನೆಯಲ್ಲಿ ತೋರಿಸಿ ತರುತ್ತೇನೆ ಎಂದು ಕೇಳಿ ಇಸಿದುಕೊಂಡೆ.

ಸಂಜೆ ಅತ್ತಿಗೆಯ ಕೈಗೆ ಅದನ್ನು ಕೊಟ್ಟು ಎಲ್ಲ ಹೇಳಿದೆ. ಅವಳು ಮೊದಲು ರೇಗಿದಳು. ಆ ಟೀಚರಿಗೆ, ದೊಡ್ಡ ಮೇಡಂಗೆ, ಬೀರುವಿಗೆ, ಬೀರು ಮಾಡಿದವನಿಗೆ ಎಲ್ಲರಿಗೂ ಮಂಗಳಾರತಿ ಎತ್ತಿದಳು. ಆಮೇಲೆ ನೋಟ್‌ಬುಕ್ ತೆರೆದು ಪುಟ ಮಗುಚಿದಳು. ಇನ್ನೊಂದು ಮಗುಚಿದಳು.

"ಇರುವೇ, ಇಲ್ಲಿ ಬಾಮ್ಮ. ಈ ಹಿಂದಿನ ಪುಟ ಯಾಕೆ ಹೀಗೆ ತಿರುಗಿಸಿ ಬರ್ದಿದೀಯ?"

ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇರುವೆ ಇರೋ ಕಡೆ ತಾನೇ ಮೇಲೆ? ಇಲ್ಲಿ ಇರುವೆ ಕೆಳಗೆ ಹೋಗಿತ್ತು, ಅದಕ್ಕೇ ಪುಸ್ತಕ ತಿರುಗಿಸ್ಕೊಂಡೆ. ನೀನೇ ಹಾಗೆ ಒತ್ತಿದ್ದೆಯಲ್ಲಮ್ಮ."

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕಕ್ಕೆ ಹೊಲಿದ ಪುಸ್ತಕದಲ್ಲಿ ಹಾಳೆಯನ್ನು ಪಕ್ಕಕ್ಕೆ ಮಗುಚುತ್ತೇವೆ. ಮುಂಬದಿಯ ತಲೆ ಎಲ್ಲಿದೆಯೋ ಹಿಂಬದಿಯ ತಲೆಯೂ ಅಲ್ಲೇ ಇರುತ್ತದೆ. ಹದಿನೆಂಟು ವರ್ಷ ಅತ್ತಿಗೆಯ ಕೈ ಮಾಡಿದ್ದು ಅದೊಂದನ್ನೇ. ಆದರೆ ನೆತ್ತಿಗೆ ಹೊಲಿದ ಪುಸ್ತಕದಲ್ಲಿ ಹಾಳೆಯನ್ನು ಮೇಲಕ್ಕೆ ಮಗುಚಬೇಕು, ಆಗ ಹಿಂಬದಿಯ ತಲೆ ಇನ್ನೊಂದು ತುದಿಗೆ ಹೋಗುತ್ತದೆ. ಇರುವೆಯನ್ನು ಅಲ್ಲಿ ಒತ್ತಬೇಕಿತ್ತು. ಪುಸ್ತಕ ಕಟ್ಟದವರು ಯಾರಾದರೂ ಒತ್ತಿದ್ದರೆ ಪ್ರತಿ ಹಾಳೆಗೂ ಯೋಚಿಸಿ ಒತ್ತುತ್ತಿದ್ದರೋ ಏನೋ. ಇವಳ ಕೈ ಯೋಚನೆಗೆ ಕಾಯಲಿಲ್ಲ, ಎರಡೂ ಬದಿ ಒಂದೇ ಅಂಚಿಗೆ ಒತ್ತಿಕೊಂಡು ಹೋಯಿತು. ಅರ್ಧ ಪುಸ್ತಕ ತಲೆಕೆಳಗಾಯಿತು. ಅಮ್ಮ ಒತ್ತಿದ ಇರುವೆ ಸುಳ್ಳು ಹೇಳುತ್ತದೆಂದು ಮಗುವಿಗೆ ಅನಿಸಲೇ ಇಲ್ಲ.

ಅತ್ತಿಗೆ ನೋಟ್‌ಬುಕ್ಕನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು. "ನನ್ನ ಕೈ ಮಾಡಿದ್ದಕ್ಕೆ ಇವಳು ಮೂರನೇ ಕ್ಲಾಸಿಗೆ ಹೋಗ್ಬೇಕಾ?" ಎಂದಳು. ಅಣ್ಣ ಪಕ್ಕ ಬಂದು ಕೂತ. "ಹೋಗ್ಲಿ ಬಿಡು. ನಾಳೆ ಹೋಗಿ ತಪ್ಪಾಯ್ತು ಅಂತ ಹೇಳಿ, ಅವರ ಪುಸ್ತಕಾನೇ ತಗೋತೀವಿ ಅಂದ್ಬಿಡು. ಅಷ್ಟಕ್ಕೆ ಮುಗಿಯುತ್ತೆ. ಗುರುತು ತಪ್ಪಾಗಿ ಒತ್ತಿದ್ದು ನೀನೇ ಅನ್ನೋ ವಿಷಯ ಯಾರ ಹತ್ರಾನೂ ಆಡೋದು ಬೇಡ."

ಅವನು ಹೇಳಿದ್ದು ಪ್ರೀತಿಯಿಂದಲೇ. ಊರಿಗೆಲ್ಲ ಹೊಲಿಗೆ ಪಾಠ ಹೇಳುವ ಹೆಂಡತಿ ನಾಳೆ ಊರ ಬಾಯಿಗೆ ಸಿಗಬಾರದಲ್ಲ. ನಾನೂ ತಲೆಯಾಡಿಸಿದೆ. ಅತ್ತಿಗೆ ಇಬ್ಬರನ್ನೂ ನೋಡಿದಳು.

"ಅಂದ್ರೆ ನನ್ನ ಮರ್ಯಾದೆ ಉಳಿಸ್ಕೊಂಡು ಇವಳ ಕೈ ಕಟ್ಟಿ ಹಾಕ್ಬೇಕು. ತಪ್ಪಾಯ್ತು ಅಂತ ಹೇಳ್ತೀನಿ ಕಣ್ರೀ, ಯಾಕೆ ಹೇಳಬಾರದು? ಆದ್ರೆ ಯಾವುದು ತಪ್ಪೋ ಅದಕ್ಕೆ ಮಾತ್ರ ಹೇಳ್ತೀನಿ" ಎಂದು ಮೂಗು ಒರೆಸಿಕೊಂಡು ಎದ್ದಳು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಾನು ಪತ್ರ ಟೈಪ್ ಮಾಡಿದೆ. ಮೂಲ ಒಂದು, ನಕಲು ಎರಡು. ಸಣ್ಣ ಪತ್ರ, ನಾಲ್ಕು ಸಾಲು. ನಾನು ಟೈಪ್ ಮಾಡಿದ ಪತ್ರಗಳಲ್ಲಿ ಅಷ್ಟು ಹೊತ್ತು ಹಿಡಿದದ್ದು ಇನ್ನೊಂದಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಅತ್ತಿಗೆ ಬಂದಳು. ಕೆಲಸದ ಸೀರೆಯಲ್ಲೇ ಇದ್ದಳು, ಅಂಚಿಗೆ ಒಣಗಿದ ಅಂಟು ಹತ್ತಿತ್ತು. ದೊಡ್ಡ ಮೇಡಂ ಕೂರಲು ಹೇಳಿದರು. ಅವಳು ಕೂರಲಿಲ್ಲ, ಇರುವೆಯ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಕ್ಲಾಸ್ ಟೀಚರ್ ಕಿಟಕಿಯ ಪಕ್ಕ ನಿಂತಿದ್ದರು. ನಾನು ಪತ್ರ ಹಿಡಿದುಕೊಂಡು ಬಾಗಿಲ ಬಳಿ.

"ಈ ತಲೆಕೆಳಗು ಬರವಣಿಗೆ ನನ್ನ ತಪ್ಪು ಮೇಡಂ" ಎಂದಳು ಅತ್ತಿಗೆ, ಯಾರೂ ಕೇಳುವುದಕ್ಕೆ ಮುಂಚೆಯೇ. ಮೇಜಿನ ಮೇಲಿದ್ದ ಒಂದು ಖಾಲಿ ಹಾಳೆ ತೆಗೆದುಕೊಂಡು ಮೊದಲು ಪಕ್ಕಕ್ಕೆ ಮಗುಚಿ ತೋರಿಸಿದಳು, ಆಮೇಲೆ ಮೇಲಕ್ಕೆ ಮಗುಚಿ ತೋರಿಸಿದಳು. "ನಾನು ಪುಸ್ತಕ ಕಟ್ಟೋಳು. ಹದಿನೆಂಟು ವರ್ಷದಿಂದ ಇದೇ ಕೆಲಸ. ಗುರುತು ಒತ್ತೋದ್ರಲ್ಲಿ ಎಡವಿದೆ. ನನ್ನ ಮಗಳು ನಾನು ಹಾಕಿದ ಗುರುತು ನೋಡ್ಕೊಂಡು ಬರ್ದಳು. ಅವಳಿಗೆ ಮೇಲೆ ಕೆಳಗೆ ಎಲ್ಲಾ ಗೊತ್ತು. ಗೊತ್ತಿಲ್ಲದೆ ಮಾಡಿದ್ದು ನಾನು. ಹಿಂದಿನ ಕ್ಲಾಸಿಗೆ ಯಾರನ್ನಾದ್ರೂ ಕಳಿಸೋದಾದ್ರೆ ನನ್ನನ್ನ ಕಳಿಸಿ, ಹೋಗಿ ಕೂತ್ಕೋತೀನಿ."

ದೊಡ್ಡ ಮೇಡಂ ನಗಲಿಲ್ಲ, ಆದರೆ ಹಾಳೆಯನ್ನು ತಾವೂ ಒಂದು ಸಲ ಮಗುಚಿ ನೋಡಿದರು. "ಸರಿ. ಇದು ಅರ್ಥ ಆಯ್ತು. ಆದರೆ ನೋಡಿ, ಎಲ್ಲ ಮಕ್ಕಳೂ ಒಂದೇ ಥರದ ಪುಸ್ತಕ ತರುವಾಗ ನಿಮ್ಮ ಮಗಳಿಗೆ ಮಾತ್ರ ಯಾಕೆ ಬೇರೆ? ಕೊಳ್ಳೋಕೆ ತೊಂದರೆ ಇದ್ದರೆ ಸಂಕೋಚ ಬೇಡ, ಶಾಲೆಯಿಂದಲೇ ಕೊಡಿಸೋಣ."

ಆ ಮಾತಿಗೆ ಅತ್ತಿಗೆಯ ಕಿವಿ ಕೆಂಪಾದದ್ದು ನನಗೆ ಬಾಗಿಲಿಂದಲೇ ಕಾಣಿಸಿತು. "ತೊಂದರೆ ಏನೂ ಇಲ್ಲ ಮೇಡಂ. ಕಾಲು ದೊಡ್ಡದಿರೋ ಮಗೂಗೆ ದೊಡ್ಡ ಚಪ್ಪಲಿ ಕೊಡ್ಸಲ್ವಾ? ಎಲ್ಲರದ್ದೂ ಒಂದೇ ಅಳತೆ ಇರಲಿ ಅಂತ ಕಾಲು ಕತ್ತರಿಸ್ತಾರಾ? ನಿಮ್ಮ ಪುಸ್ತಕ ಬಲಗೈಗೆ ಹೊಲಿದಿರೋದು. ನಾನು ಎಡಗೈಗೆ ಹೊಲಿದೆ. ಅಷ್ಟೇ ವ್ಯತ್ಯಾಸ. ಮುಂದಿನ ಪುಸ್ತಕದಲ್ಲಿ ಗುರುತು ಸರಿಯಾಗಿ ಒತ್ತುತೀನಿ. ಆದ್ರೆ ಪುಸ್ತಕ ಮಾತ್ರ ಇದೇ."

"ಇದು ಹಟ" ಎಂದರು ಕ್ಲಾಸ್ ಟೀಚರ್.

"ಹೌದು" ಎಂದಳು ಅತ್ತಿಗೆ.

ದೊಡ್ಡ ಮೇಡಂ ಬೀರುವಿನಿಂದ ಒಂದು ಹೊಸ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಕಂದು ರಟ್ಟು, ಮೇಲೆ ಶಾಲೆಯ ಗುರುತು. "ಹಾಗಾದರೆ ಒಂದು ಕೆಲಸ ಮಾಡೋಣ. ಮಗು ಬರಲಿ. ಟೀಚರ್ ಐದು ವಾಕ್ಯ ಹೇಳ್ತಾರೆ, ಈ ಪುಸ್ತಕದಲ್ಲಿ ಬರೆಯಲಿ. ಓದೋ ಹಾಗೆ ಬರೆದರೆ ಅವಳು ನಾಲ್ಕನೇ ಕ್ಲಾಸಲ್ಲೇ ಇರ್ತಾಳೆ, ನಿಮ್ಮ ಪುಸ್ತಕಾನೂ ಇರಲಿ. ಬರೆಯೋಕಾಗದಿದ್ದರೆ ಈ ಪತ್ರಕ್ಕೆ ನಾನು ರುಜು ಹಾಕ್ತೀನಿ. ನೀವು ಮಾತಾಡೋ ಹಾಗಿಲ್ಲ."

ಇದು ಅನ್ಯಾಯ ಎಂದು ನನಗೆ ಅನಿಸಿತು. ಯಾವ ಪುಸ್ತಕದಲ್ಲಿ ಬರೆಯಲಾಗುವುದಿಲ್ಲ ಎಂದು ಇಷ್ಟೆಲ್ಲ ನಡೆದಿದೆಯೋ, ಅದೇ ಪುಸ್ತಕದಲ್ಲಿ ಪರೀಕ್ಷೆ. ಅತ್ತಿಗೆಯ ತುಟಿ ಅಲುಗಿತು. ಆದರೆ ಮಾತಾಡುವ ಹಾಗಿಲ್ಲ ಎಂದಿದ್ದರಲ್ಲ, ಹಲ್ಲು ಕಚ್ಚಿ ನಿಂತಳು.

ಇರುವೆ ಬಂದಳು. ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು, ಕಂದು ನೋಟ್‌ಬುಕ್ಕನ್ನು ನೋಡಿದಳು. ದೊಡ್ಡ ಮೇಡಂ ಏನು ಮಾಡಬೇಕೆಂದು ಹೇಳಿದರು. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ಪುಸ್ತಕ ತೆರೆದು, ಎಡಗೈಯನ್ನು ಬಲಪುಟದ ಅಂಚಿಗೆ ಇಟ್ಟಳು. ಕೈ ಹೋಗಿ ಹೊಲಿಗೆಯ ಉಬ್ಬಿನ ಮೇಲೆಯೇ ಕೂತಿತು. ಮಣಿಕಟ್ಟು ಸೊಟ್ಟಗಾಯಿತು. ಟೀಚರ್ ಮೊದಲ ವಾಕ್ಯ ಹೇಳಿದರು: "ಬಾವಿಯ ನೀರು ತಂಪಾಗಿರುತ್ತದೆ." ಇರುವೆ ಬರೆಯಲಿಲ್ಲ. ಟೀಚರ್ ಇನ್ನೊಂದು ಸಲ ಹೇಳಿದರು. ಆಗಲೂ ಬರೆಯಲಿಲ್ಲ.

ಆಮೇಲೆ ಅವಳು ಪುಸ್ತಕವನ್ನು ಅಡ್ಡಕ್ಕೆ ತಿರುಗಿಸಿದಳು. ಈಗ ಹೊಲಿಗೆ ಮೇಲಕ್ಕೆ ಹೋಯಿತು, ಅವಳ ಮುಂದೆ ಒಂದು ಇಡೀ ಪುಟ ಬಯಲಾಯಿತು. ಗೆರೆಗಳೆಲ್ಲ ಕಿಟಕಿಯ ಸರಳುಗಳಂತೆ ನೆಟ್ಟಗೆ ನಿಂತವು. ಅವಳು ಅವುಗಳ ಮೇಲೆ ಅಡ್ಡವಾಗಿ ಬರೆಯತೊಡಗಿದಳು. ಬಾವಿಯ, ನೀರು, ತಂಪಾಗಿರುತ್ತದೆ. ಒಂದೊಂದು ಅಕ್ಷರವೂ ಒಂದು ಗೆರೆಯನ್ನು ದಾಟಿಕೊಂಡು ಹೋಯಿತು. ಆಧಾರಕ್ಕೆ ಒಂದೇ ಒಂದು ಗೆರೆಯಿಲ್ಲದೆ ಸಾಲು ನೇರವಾಗಿ ನಡೆಯಿತು.

"ಗೆರೆ ಮೇಲೆ ಬರೀಬೇಕಮ್ಮ" ಎಂದರು ಟೀಚರ್.

"ಇವು ನಿಂತುಬಿಟ್ಟಿವೆ ಮಿಸ್" ಎಂದಳು ಇರುವೆ, ತಲೆ ಎತ್ತದೆ. "ಮುಂದಿನದು ಹೇಳಿ."

ಟೀಚರ್ ದೊಡ್ಡ ಮೇಡಂ ಕಡೆ ನೋಡಿದರು. ದೊಡ್ಡ ಮೇಡಂ ಹೇಳಿ ಎಂದು ಸನ್ನೆ ಮಾಡಿದರು. ಎರಡನೆಯದು, ಮೂರನೆಯದು, ನಾಲ್ಕನೆಯದು. ಐದನೆಯ ವಾಕ್ಯ ಉದ್ದವಿತ್ತು, ಟೀಚರ್ ಬೇಕೆಂದೇ ಉದ್ದದ್ದನ್ನು ಆರಿಸಿದರು ಎಂದು ನನಗೆ ಈಗಲೂ ಅನುಮಾನ. ಅದೂ ಮುಗಿಯಿತು. ಎಲ್ಲೂ ಮಸಿ ಕಲಸಿರಲಿಲ್ಲ.

ದೊಡ್ಡ ಮೇಡಂ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಓದಿದರು. ಓದಲು ಅವರೂ ಅದನ್ನು ಅಡ್ಡಕ್ಕೆ ಹಿಡಿಯಬೇಕಾಯಿತು. ಬಹಳ ಹೊತ್ತು ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಪತ್ರ ಎಲ್ಲಿ?" ಎಂದು ಕೈಚಾಚಿದರು.

ಹರಿಯಲು ಕೇಳಿದರೋ, ರುಜು ಹಾಕಲು ಕೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹತ್ತು ವರ್ಷ ಅವರು ಕೈಚಾಚಿದಾಗಲೆಲ್ಲ ನಾನು ಕಾಗದ ಕೊಟ್ಟಿದ್ದೇನೆ. ಆ ದಿನ ಕೊಡಲಿಲ್ಲ. "ಅದರಲ್ಲಿ ತಪ್ಪಿದೆ ಮೇಡಂ" ಎಂದೆ.

"ಎಷ್ಟನೇ ಸಾಲಿನಲ್ಲಿ?"

"ನಾಲ್ಕೂ ಸಾಲು" ಎಂದು ಮೂಲವನ್ನೂ ಎರಡು ನಕಲನ್ನೂ ಒಟ್ಟಿಗೆ ಹರಿದೆ. ಮೂರು ಹಾಳೆ ಒಟ್ಟಿಗೆ ಹರಿದರೆ ಎಷ್ಟು ಸದ್ದಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಅತ್ತಿಗೆ ಬಾಯಿಬಿಟ್ಟುಕೊಂಡು ನನ್ನನ್ನೇ ನೋಡಿದಳು. ತುಂಡುಗಳನ್ನು ನಾನೇ ಕಸದ ಬುಟ್ಟಿಗೆ ಹಾಕಿದೆ.

ದೊಡ್ಡ ಮೇಡಂ ಬುಟ್ಟಿಯ ಕಡೆ ಒಮ್ಮೆ ನೋಡಿದರು. ಕಂದು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ಇರುವೆಗೆ, "ನೀನಿನ್ನು ಕ್ಲಾಸಿಗೆ ಹೋಗಮ್ಮ" ಎಂದರು.

ಇರುವೆ ಎದ್ದಳು. ಮೇಜಿನ ಮೇಲಿದ್ದ ತನ್ನ ನೋಟ್‌ಬುಕ್ಕನ್ನು ಎತ್ತಿ ಎದೆಗೆ ಅವುಚಿಕೊಂಡಳು. ಬಾಗಿಲವರೆಗೆ ಹೋದವಳು ಅಲ್ಲಿ ನಿಂತು ತಿರುಗಿದಳು.

"ಯಾವ ಕ್ಲಾಸಿಗೆ ಮೇಡಂ?"

ಅವಳಿಗೆ ಆ ವಿಷಯ ಯಾರೂ ಹೇಳಿರಲಿಲ್ಲ. ನಾವು ಹಿಂದಿನ ದಿನ ಅವಳೆದುರಿಗೇ ಮಾತಾಡಿದ್ದೆವು, ಅವಳ ಕಿವಿಗೆ ಬಿದ್ದಿರಬಹುದೆಂದು ನಮ್ಮಲ್ಲೊಬ್ಬರೂ ಯೋಚಿಸಿರಲಿಲ್ಲ. ಹುಡುಗಿ ಉತ್ತರ ಸಿಗುವವರೆಗೂ ಜಪ್ಪಯ್ಯ ಅಂದರೂ ಕದಲುವ ಹಾಗೆ ಕಾಣಲಿಲ್ಲ.

"ನಾಲ್ಕನೇ ಕ್ಲಾಸಿಗೆ" ಎಂದರು ದೊಡ್ಡ ಮೇಡಂ.

"ಸರಿ" ಎಂದು ಇರುವೆ ಹೊರಟಳು.